ಗುರುವಾರದ ಹೊಸಬರಿಗೊಂದು ಪಿಸ್ತೂಲು

ಹಿಂಟರ್‌ಬಾಖ್
ಶುಕ್ರವಾರ, ನವೆಂಬರ್ ೧೪

ಪ್ರೀತಿಯ ಕೊರ್ಬಿನಿಯನ್,

ಹೇಗಿದ್ದೀಯ? ನಿದ್ದೆ ಸರಿಯಾಗಿ ಬರುತ್ತಿದೆಯೇ? ಅಲ್ಲಿಯ ಸೂಪಿಗೆ ಉಪ್ಪೇ ಇಲ್ಲವೆಂದು ನೀನು ನರ್ಸ್ ಕೈಯಲ್ಲಿ ಬರೆಸಿದ್ದೆ. ಅದು ಆಸ್ಪತ್ರೆಯ ಅಡುಗೆಯವರ ತಪ್ಪಲ್ಲ, ನಿನ್ನ ರಕ್ತದೊತ್ತಡದ್ದು, ಸುಮ್ಮನೆ ಕುಡಿ. ಲಕ್ವ ಹೊಡೆದು ಇನ್ನೂ ಐದು ವಾರ, ಆಗಲೇ ಯಾರ ಆಸರೆಯೂ ಇಲ್ಲದೆ ಮೂವತ್ತು ಹೆಜ್ಜೆ ನಡೆದೆ ಎಂದು ಓದಿ ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಚಪ್ಪಾಳೆ ತಟ್ಟಿದೆ. ಬೆಕ್ಕು ಹೆದರಿ ಓಡಿಹೋಯಿತು. ಬಲಗೈ ಮಾತ್ರ ಇನ್ನೂ ಹೇಳಿದ ಮಾತು ಕೇಳುತ್ತಿಲ್ಲವೆಂದು ನರ್ಸ್ ಕೊನೆಯಲ್ಲಿ ತಾನಾಗಿಯೇ ಒಂದು ಸಾಲು ಸೇರಿಸಿದ್ದಾಳೆ. ಒಳ್ಳೆಯ ಹುಡುಗಿ, ಅವಳ ಮೇಲೆ ರೇಗಬೇಡ.

ಅದೇ ಕಾಗದದಲ್ಲಿ ಇನ್ನೊಂದು ಮಾತನ್ನೂ ಬರೆಸಿದ್ದೆ. "ನನ್ನ ಪಿಸ್ತೂಲು ಮಾರಿಬಿಡು. ಗುರುವಾರದ ಮಕ್ಕಳಿಗೆ ಏನಾದ್ರೂ ಒಂದು ತಗೋ. ನನ್ನ ಶೂಟಿಂಗ್ ಮುಗೀತು." ಇದನ್ನು ಮೂರು ಸಲ ಓದಿದೆ. ಮಾತು ನಿನ್ನದು, ಅಕ್ಷರ ಯಾರದೋ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ನಾಲಿಗೆ ತೊಡರುತ್ತದೆಂದು ನಾಚಿಕೆ. ನಲವತ್ತೊಂದು ವರ್ಷ ಸಂಸಾರ ಮಾಡಿದವಳ ಹತ್ತಿರ ಎಂಥ ನಾಚಿಕೆಯೋ! ಮೊದಲು ಕೋಪ ಬಂತು, ಆಮೇಲೆ ಅಳು ಬಂತು. ಈಗ ಎರಡೂ ಇಳಿದಿವೆ, ಅದಕ್ಕೇ ಬರೆಯಲು ಕೂತೆ.

ಮಕ್ಕಳ ವಿಷಯ ಹೇಳಿಬಿಡುತ್ತೇನೆ. ನೀನಿಲ್ಲದಾಗ ಗುರುವಾರದ ತರಬೇತಿ ನಾನೇ ನಡೆಸುತ್ತಿದ್ದೇನೆ. ಹೊಸದಾಗಿ ಇಬ್ಬರು ಸೇರಿದ್ದಾರೆ, ಬಡಗಿಯ ಮಗಳು ರೋನ್ಯಾ, ಬೇಕರಿಯವರ ಮಗ ವಿನ್ಸೆಂಟ್ಸ್. ಇಬ್ಬರಿಗೂ ಹನ್ನೆರಡು ತುಂಬಿದೆ, ಅಪ್ಪ ಅಮ್ಮಂದಿರ ಒಪ್ಪಿಗೆಯ ಸಹಿ ಬಂದಿದೆ. ಮೊದಲ ದಿನ ಒಂದು ಗುಂಡನ್ನೂ ಕೊಡಲಿಲ್ಲ. ಕೊಳವೆಯ ಬಾಯಿ ಸದಾ ಗುರಿಯ ಕಡೆ, ಹೇಳುವ ತನಕ ಬೆರಳು ಟ್ರಿಗರ್‌ನಿಂದ ಆಚೆ, ಇಷ್ಟೇ ಪಾಠ. ಎರಡನೆಯ ವಾರ ಕ್ಲಬ್ಬಿನ ಹಳೆಯ ಏರ್ ಪಿಸ್ತೂಲು ಕೈಗೆ ಕೊಟ್ಟರೆ ವಿನ್ಸೆಂಟ್ಸ್‌ನ ತೋಳು ಗಡಗಡ ನಡುಗಿತು, ಗುಂಡು ಗೋಡೆಗೆ ಹೋಯಿತು. ಇಂಥ ಮಕ್ಕಳನ್ನು ಕಂಡರೆ ನೀನು "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದು ರೇಗಿಸುತ್ತಿದ್ದೆ. ನನಗೆ ಅನುಮಾನ ಬಂತು. ಮರುದಿನ ಇಬ್ಬರನ್ನೂ ಮನೆಗೆ ಕರೆದು ಒಂದೊಂದು ಲೀಟರ್ ಹಾಲಿನ ಪೊಟ್ಟಣ ಕೊಟ್ಟು ತೋಳು ಚಾಚಿ ನಿಲ್ಲಿಸಿದೆ, ಆ ಪಿಸ್ತೂಲಿನ ತೂಕವೂ ಅಷ್ಟೇ ತಾನೆ. ಇಪ್ಪತ್ತು ಎಣಿಸುವಷ್ಟರಲ್ಲಿ ಇಬ್ಬರ ತೋಳೂ ಕೆಳಗೆ. "ಅಜ್ಜಿ, ಅರ್ಧ ಕುಡಿದುಬಿಟ್ರೆ ಹಗುರ ಆಗುತ್ತಲ್ವಾ?" ಎಂದಳು ರೋನ್ಯಾ. ನೆಲವೇ ಡೊಂಕಾಗಿತ್ತು ಕೊರ್ಬಿ, ಇಷ್ಟು ವರ್ಷ ನಾವೇ ನೋಡಲಿಲ್ಲ.

ಶನಿವಾರ ಮಕ್ಕಳನ್ನು ಕರೆದುಕೊಂಡು ಪೇಟೆಗೆ ಹೋದೆ. ಕ್ಲಬ್ಬಿನ ಅಧ್ಯಕ್ಷನಲ್ಲವೇ, ಅಲೋಯ್ಸ್ ಕೂಡ ಬಂದ. ಅಂಗಡಿಗೆ ಕಾಲಿಡುವ ಮೊದಲೇ ಅವನ ಉಪದೇಶ ಶುರು: "ಸ್ವಲ್ಪ ದೊಡ್ಡದೇ ತಗೊಳ್ಳೋಣ ಬುರ್ಗಿ, ಮಕ್ಕಳು ಬೆಳೆಯಲ್ವಾ?" "ನಿಮ್ಮಮ್ಮ ನಿನ್ನ ಕೋಟು ಹಾಗೇ ಹೊಲಿಸಿದ್ಲು. ಅರವತ್ತಾಯ್ತು, ಅದರ ತೋಳು ಇನ್ನೂ ಬೆರಳು ಮುಚ್ಚುತ್ತೆ" ಎಂದೆ. ಅಂಗಡಿಯವನು ನಾಲ್ಕು ಪಿಸ್ತೂಲು ಇಟ್ಟ. ಸ್ಪ್ರಿಂಗಿನದು ಗುಂಡು ಹೊರಬೀಳುವ ಮೊದಲೇ ಕೈಯನ್ನು ಒದೆಯುತ್ತದೆ, ಹೊಸಬರಿಗೆ ತಪ್ಪು ತಮ್ಮದೋ ಅದರದೋ ತಿಳಿಯುವುದಿಲ್ಲ. ಇನ್ನೊಂದಕ್ಕೆ ಪ್ರತಿ ಗುಂಡಿಗೂ ಪಕ್ಕದ ಸನ್ನೆಕೋಲು ಎಳೆದು ಗಾಳಿ ತುಂಬಬೇಕು. ಹತ್ತು ಸಲ ಎಳೆದ ಮೇಲೆ ವಿನ್ಸೆಂಟ್ಸ್, "ಇದಕ್ಕಿಂತ ಅಪ್ಪನ ಜೊತೆ ಹಿಟ್ಟು ನಾದೋದೇ ವಾಸಿ" ಎಂದ. ಉಳಿದವು ಎರಡು. ಎರಡಕ್ಕೂ ಗಾಳಿಯ ಪುಟ್ಟ ಸಿಲಿಂಡರು, ಎರಡೂ ಹಗುರ, ಎರಡರಲ್ಲೂ ಮಕ್ಕಳ ಬೆರಳ ತುದಿ ಟ್ರಿಗರ್‌ಗೆ ಸರಿಯಾಗಿ ಎಟುಕುತ್ತದೆ. ಒಂದಕ್ಕೆ ಬಲಗೈಗೆಂದೇ ಕೆತ್ತಿದ ಚಂದದ ಮರದ ಹಿಡಿ, ಇನ್ನೊಂದಕ್ಕೆ ಎರಡೂ ಕಡೆ ಒಂದೇ ಥರದ ಸಾದಾ ಹಿಡಿ. ನಾನು ಸಾದಾದ್ದನ್ನೇ ತೆಗೆದುಕೊಂಡೆ. ಅಲೋಯ್ಸ್ ಮುಖ ಊದಿಸಿಕೊಂಡ. "ಇಬ್ರೂ ಬಲಗೈಯವರೇ ಅಲ್ವಾ, ಮರದ್ದು ಬಿಟ್ಟು ಈ ಆಟದ ಸಾಮಾನು ಯಾಕೆ?" "ನಾಳೆ ಎಡಗೈಯವರು ಯಾರಾದ್ರೂ ಸೇರಿದ್ರೆ ಏನ್ಮಾಡ್ತೀಯ?" ಎಂದೆ. ಅವನು ಗೊಣಗುತ್ತಲೇ ಪೆಟ್ಟಿಗೆ ಹೊತ್ತುಕೊಂಡ.

ನಿನ್ನೆ ಹೊಸದರಲ್ಲಿ ಹೊಡೆದರು. ಅಂಕದ ಚಿಂತೆ ಬೇಡವೆಂದು ವೃತ್ತಗಳಿಲ್ಲದ ಬರೀ ಬಿಳಿ ಹಾಳೆ ಕಟ್ಟಿದ್ದೆ. ವಿನ್ಸೆಂಟ್ಸ್‌ನ ಐದಕ್ಕೆ ಐದೂ ಹಾಳೆಯಲ್ಲೇ ಬಿದ್ದವು, ಅದೂ ಅಂಗೈಯಗಲದಲ್ಲಿ. ಅವನು ಹಾಳೆಯನ್ನು ಮಡಚದೆ ಎರಡೂ ಕೈಯಲ್ಲಿ ಹಿಡಿದುಕೊಂಡೇ ಮನೆಗೆ ನಡೆದ. ನನಗೆ ತುಂಬ ಸಂತೋಷವಾಯಿತು. ಇದನ್ನು ನೋಡಲು ನೀನಿಲ್ಲವಲ್ಲ ಎಂದು ಅಷ್ಟೇ ಸಂಕಟವೂ ಆಯಿತು.

ಕ್ಲಬ್ಬಿನವರೆಲ್ಲ ನಿನ್ನನ್ನು ಕೇಳಿದರು. ಮೇಲಿನ ಮನೆಯ ಮುದುಕಿ ನಿನ್ನ ಹೆಸರಲ್ಲಿ ಇಗರ್ಜಿಯಲ್ಲಿ ಮೇಣದ ಬತ್ತಿ ಹಚ್ಚಿದ್ದಾಳಂತೆ. ಉಣ್ಣೆಯ ಕಾಲುಚೀಲ ಕಳಿಸಿದ್ದೇನೆ, ಹಾಕಿಕೋ. ದೇವರು ನಿನ್ನನ್ನು ಕಾಯಲಿ, ನೀನೂ ಅವನಿಗೆ ಸ್ವಲ್ಪ ಸಹಾಯ ಮಾಡು.

ನಿನ್ನವಳೇ ಆದ
ಬುರ್ಗಿ

ತಾ.ಕ.: ಅಂಚೆ ಡಬ್ಬಿಯವರೆಗೂ ಹೋಗಿ ಮತ್ತೆ ಲಕೋಟೆ ಬಿಚ್ಚಿದ್ದೇನೆ. ನಿನ್ನ ಪಿಸ್ತೂಲು ಮಾರಿಲ್ಲ, ಮಾರುವುದೂ ಇಲ್ಲ. ಆ ಎಡಗೈಯವರು ಯಾರೆಂದು ಅಲೋಯ್ಸ್‌ಗೆ ಹೇಳಲಿಲ್ಲ, ನಿನಗೆ ಹೇಳುತ್ತೇನೆ: ನೀನೇ. ಡಾಕ್ಟರನ್ನು ಕೇಳಿದೆ, ಮೊದಮೊದಲು ಕೂತು ಹೊಡೆಯಲಿ ಎಂದರು. ಜನವರಿ ಎಂಟರ ಗುರುವಾರ ಹೊಸಬರ ಪಟ್ಟಿಯಲ್ಲಿ ಮೂರನೆಯ ಹೆಸರು ನಿನ್ನದು, ಪೆನ್ನಿನಲ್ಲೇ ಬರೆದಿದ್ದೇನೆ. ಬೇಡವೆನ್ನುವುದಾದರೆ ನರ್ಸ್ ಕೈಯಲ್ಲಿ ಬರೆಸಬೇಡ, ಫೋನ್ ಮಾಡಿ ನೀನೇ ಹೇಳು. ಎಷ್ಟು ತೊದಲಿದರೂ, ಎಷ್ಟು ಹೊತ್ತಾದರೂ ಕೇಳುತ್ತೇನೆ. ಬೈದರೂ ಸರಿ, ನನಗೆ ನಿನ್ನ ದನಿ ಬೇಕು.