ಕ್ಯಾಪ್ಷನ್ ನಲವತ್ತೊಂದು

ಜುಲೈ 3, ಬುಧವಾರ. ಬೆಳಿಗ್ಗೆ 9.40

ಪುಣೆಯ ನಮ್ಮ ಆಫೀಸಿನ ಕಿಟಕಿಯಲ್ಲಿಟ್ಟ ಸ್ಪ್ರೇ ಬಾಟಲಿಯ ಮೂತಿಗೆ ಬಿಳಿ ಉಪ್ಪು ಕಟ್ಟಿದೆ. ಉಗುರಿನಿಂದ ಕೆರೆದೆ. ಬರಲಿಲ್ಲ. ಮೇ ತಿಂಗಳ ಸಂಶೋಧನಾ ಕ್ಯಾಂಪಿನದು. ಬಾಗಲಕೋಟೆ ಕಡೆಯ ಗುಹೆ, ಸಾವಿರಾರು ವರ್ಷ ಹಿಂದೆ ಬೇಟೆಗಾರರು ತಂಗುತ್ತಿದ್ದದ್ದು. ಗೋಡೆಯ ಕೆಂಪು ಚಿತ್ರಗಳಿಗೆ ನೀರು ಹೊಡೆದರೆ ಬಣ್ಣ ಎದ್ದು ಕಾಣುತ್ತದೆ, ಫೋಟೊ ಚೆನ್ನಾಗಿ ಬರುತ್ತದೆ. ಎಂಟು ದಿನ ಹೊಡೆದವಳು ನಾನು. ಊರಿನ ಬೋರ್‌ವೆಲ್ ನೀರು.

ವರದಿಯ ಫೋಟೊಗಳಿಗೆ ಬರೆಯುತ್ತಿರುವ ಕ್ಯಾಪ್ಷನ್‌ಗಳಲ್ಲಿ 41 ಮುಗಿಯಿತು: ಮಗುವಿನ ಅಂಗೈ ಗುರುತು. ನನ್ನ ಸೊಂಟದೆತ್ತರಕ್ಕಿತ್ತು.

ಜುಲೈ 5

ಭೀಮಣ್ಣನ ಫೋನ್. ಕ್ಯಾಂಪಿಗೆ ದಾರಿ ತೋರಿಸಿದ ಕುರಿಗಾಹಿ. ಮಳೆ ಬಂದರೆ ಅವನ ಕುರಿಗಳಿಗೆ ಆ ಗುಹೆಯೇ ಆಸರೆ.

“ಅಕ್ಕಾರ, ಆ ಕೂಸಿನ ಕೈ ಕಾಣವಲ್ದು. ಸುಣ್ಣ ಬಳದಂಗ ಆಗೇದ. ನೀವೇನರ ಪುಣೇಕ್ಕ ಒಯ್ದೀರೇನು ಮತ್ತ?” ನಕ್ಕ.

ನಗಲಾಗಲಿಲ್ಲ. ಬಾಟಲಿಯ ಮೂತಿಯಲ್ಲೂ ಅದೇ ಬಿಳಿ...

ಜುಲೈ 9

ಕ್ಯಾಂಪಿನ ಮುಖ್ಯಸ್ಥ ಸುಹಾಸ ಸರ್ ವರದಿಯ ಕರಡು ಕೊಟ್ಟರು, ಟೈಪ್ ಮಾಡಲು. ‘ಕುರಿಗಾಹಿ ಭೀಮಣ್ಣ ಹಾಕಿದ ಬೆಂಕಿಯ ಹೊಗೆಯಿಂದ ಚಿತ್ರಕ್ಕೆ ಹಾನಿ. ಗುಹೆಗೆ ತಂತಿಬೇಲಿ ಅಗತ್ಯ.’

“ಸರ್, ಹೊಗಿ ಕರ್ರಗಿರ್ತದ್ರಿ. ಇದು ಬೆಳ್ಳಗದ.”

“ನೀವು ಲಿಟರೇಚರ್‌ದವರು. ಕೆಮಿಸ್ಟ್ರಿ ನಮಗ ಬಿಡ್ರಿ.” ಆಮೇಲೆ ಮೆಲ್ಲಗೆ, “ನೀರು ಹೊಡಿರಿ ಅಂದಾಂವ ನಾನು, ಹೊಡದಾಕಿ ನೀವು. ಇಬ್ಬರ ಹೆಸರೂ ಬರಬಾರದಂತ ಬರದೀನಿ. ತಿಳೀತಿಲ್ಲೋ?”

“ಜಾಉ ದೇ ಗಂ,” ಹೋಗಲಿ ಬಿಡೇ ಎಂದಳು ಮರಾಠಿಯಲ್ಲಿ ಪಕ್ಕದ ಮೇಜಿನ ತೃಪ್ತಿ, ಕಂಪ್ಯೂಟರಿನಿಂದ ಕಣ್ಣೆತ್ತದೆ.

ಥ್ಯಾಂಕ್ಸ್ ಸರ್ ಎಂದೆ. ನಿಜವಾಗಿ ಹಾಗೇ ಎಂದೆ. ಟೈಪ್ ಮಾಡಿದೆ.

ಜುಲೈ 21, ಭಾನುವಾರ

ಬರೆಯಲು ಮನಸ್ಸಾಗಿರಲಿಲ್ಲ.

ಆ ಕರಡು ನೋಡಿಯೇ ಪುರಾತತ್ವ ಇಲಾಖೆಯವರು ಬೇಲಿ ಹಾಕಿಬಿಟ್ಟಿದ್ದಾರೆ. ಮೂರು ದಿನದ ಮಳೆ. ಭೀಮಣ್ಣನ ಏಳು ಮರಿ ಸತ್ತವು, ತಂತಿಯ ಹೊರಗೆ, ಒಂದಕ್ಕೊಂದು ಒತ್ತಿಕೊಂಡು. ಅವನ ಮೇಲೆ ಕೇಸೂ ಹಾಕುತ್ತಾರಂತೆ, ಫೋನ್ ಮಾಡಿದ್ದ.

“ಕೈ ಅಳಿಸ್ದಾಂವ ನಾನ ಅಂತಾರ್ರಿ. ನಮ್ಮಪ್ಪ, ನಮ್ಮಜ್ಜ ಅಲ್ಲೇ ಮಲಗೋರು, ಒಬ್ಬರೂ ಮುಟ್ಟಿಲ್ಲ. ನೀವು ಎಂಟ್ ದಿನ ಇದ್ರಿ. ಒಂದ್ ಮಾತು ಹೇಳ್ರಿ, ಅಕ್ಕಾರ.”

ನೋಡ್ತೀನಿ ಎಂದೆ.

ಧನಕವಡಿಯ ಈ ರೂಮಿನ ತಗಡಿನ ಮೇಲೆ ಇಲ್ಲೂ ಮಳೆ. ಸೋರುವುದಿಲ್ಲ.

ಜುಲೈ 22. ಬೆಳಿಗ್ಗೆ 8.50

ಆಫೀಸಿಗೆ ನಾನೇ ಮೊದಲು. ಅಂತಿಮ ವರದಿ ಇವತ್ತು ಹೋಗಬೇಕು.

ಕ್ಯಾಪ್ಷನ್ 41 ತೆರೆದೆ. ಕೆಳಗೆ ಸೇರಿಸಿದೆ: ‘ಫೋಟೊಗಾಗಿ ಎಂಟು ದಿನ ಬೋರ್‌ವೆಲ್ ನೀರು ಹೊಡೆದವಳು ನಾನು. ಬಿಳಿ ಪದರ ಆ ನೀರಿನ ಉಪ್ಪಿನದೇ ಇರಬೇಕು, ಪರೀಕ್ಷಿಸಿ. ಹೊಗೆಯದಲ್ಲ.’ ಪೂರ್ತಿ ಹೆಸರು ಹಾಕಿದೆ. ಬಾಟಲಿ ತೊಳೆಯದೆ ಬ್ಯಾಗಿನಲ್ಲಿಟ್ಟುಕೊಂಡೆ.

ಮೆಟ್ಟಿಲ ಮೇಲೆ ಸರ್ ಚಪ್ಪಲಿ ಸದ್ದು. ಅವರು ಬಾಗಿಲಿಗೆ ಬರುವ ಮೊದಲು ಇಲಾಖೆಗೆ ಕಳಿಸುವುದು. ಆಮೇಲೆ ಭೀಮಣ್ಣನಿಗೆ ಫೋನ್. ಆ ಕೈ ಅಳಿಸಿದ್ದು ನಾನು —