ಯೂರಿಕ್ ಆ್ಯಸಿಡ್ಡು ಮತ್ತು ನಾವಿಬ್ಬರು

ಮಾರ್ಚ್ 3, 1987, ಮಂಗಳವಾರ
ಇವತ್ತೂ ಒಂದು ಕಾಲಿಗೆ ಶೂ, ಇನ್ನೊಂದಕ್ಕೆ ಚಪ್ಪಲಿ. ಹಾಗೇ ಪ್ಲೆಸೆಂಟನ್ ಆಫೀಸಿಗೆ ಹೋದೆ. ಹೆಬ್ಬೆರಳು ಕೆಂಪಗೆ ಊದಿ ಹೊಳೆಯುತ್ತಿದೆ. ಸಾಕ್ಸ್ ತಾಗಿದರೂ ಜೀವ ಹೋಗುತ್ತದೆ. ಸಂಜೆ ಮತ್ತೆ ಡಾಕ್ಟರು. ಗೌಟಂತೆ, ಕೀಲು ಊದುವ ರೋಗ. ರಕ್ತದಲ್ಲಿ ಯೂರಿಕ್ ಆ್ಯಸಿಡ್ ಜಾಸ್ತಿಯಂತೆ. ಬಿಯರು, ಮಾಂಸ ಬಿಡಬೇಕಂತೆ! ಹುಟ್ಟಿದಾಗಿನಿಂದ ಎರಡನ್ನೂ ಮುಟ್ಟಿಲ್ಲ ಎಂದೆ. ನಂಬಿದ ಹಾಗೆ ಕಾಣಲಿಲ್ಲ.

ಮಾರ್ಚ್ 5
ಯೂರಿಕ್ ಆ್ಯಸಿಡ್ ಏರುತ್ತದೆಂದು ನನ್ನವಳು ಊರ್ಮಿಳಾ ತೊಗರಿಬೇಳೆಯನ್ನೂ ನಿಲ್ಲಿಸಿದ್ದಾಳೆ. ನನಗೆ ಬಿ.ಪಿ. ಬಂದಾಗಲೇ ಉಪ್ಪು ಹೋಗಿತ್ತು. ಇವತ್ತು ಸಪ್ಪೆ ಸೋರೆಕಾಯಿ. "ಇದನ್ನ ಮನುಷ್ಯರು ತಿಂತಾರಾ?" ತಟ್ಟೆ ತಳ್ಳಿದೆ. ಎತ್ತಿ ಒಳಗಿಟ್ಟಳು.
ಇದೆಲ್ಲ ಬಿ.ಪಿ. ಮಾತ್ರೆಯ ಕೆಲಸ. ಅದನ್ನು ಶುರು ಮಾಡಿದ ಮೇಲೇ ಬೆರಳು ಊದಿದ್ದು. ಇವತ್ತಿಂದ ಬಂದ್.
"ಡಾಕ್ಟರನ್ನ ಕೇಳದೇನಾ?"
"ಅವರ ಮಾತು ಕೇಳಿಯೇ ಹೀಗಾಗಿರೋದು."

ಮಾರ್ಚ್ 19
ಬಿ.ಪಿ. 168/104. ಏರಿದೆ. ಹತ್ತಿರದ ವಾಲ್ನಟ್ ಕ್ರೀಕ್ ಊರಿನಲ್ಲಿ ಬೆಂಗಳೂರಿನ ಡಾ. ವ್ಯಾಸರಾಜ ಒಂದು ಸ್ಟಡಿ ಮಾಡುತ್ತಿದ್ದಾರೆ — ಬಿ.ಪಿ. ಇರುವವರಲ್ಲಿ ಯೂರಿಕ್ ಆ್ಯಸಿಡ್ ಹೆಚ್ಚಿದ್ದರೆ ರಕ್ತನಾಳವೂ ಬಿರುಸಾಗುತ್ತದೆಯೇ ಎಂದು. ಹೆಸರು ಕೊಟ್ಟೆ. ಅಲ್ಲಾದರೂ ನೆಟ್ಟಗೆ ಉತ್ತರ ಸಿಗಲಿ.

ಮಾರ್ಚ್ 28, ಶನಿವಾರ
ಕುತ್ತಿಗೆಗೊಂದು, ತೊಡೆಸಂದಿಗೊಂದು ಸೆನ್ಸರ್ ಒತ್ತಿದರು. ನಾಡಿಯ ಅಲೆ ಎಷ್ಟು ವೇಗವಾಗಿ ಹರಿಯುತ್ತದೆಂದು ಅಳೆಯಲು. ವೇಗ ಹೆಚ್ಚಿದಷ್ಟೂ ನಾಳ ಬಿರುಸು. ನನ್ನದು ಅರವತ್ತು ದಾಟಿದವರ ಹಾಗಿದೆಯಂತೆ.
"ಯೂರಿಕ್ ಆ್ಯಸಿಡ್ಡಿಂದಲಾ, ಬಿ.ಪಿ.ಯಿಂದಲಾ?"
"ಗೊತ್ತಿಲ್ಲ ಗುರುಪ್ರಸಾದ್. ಅದನ್ನೇ ಹುಡುಕ್ತಿರೋದು," ಎಂದರು ವ್ಯಾಸರಾಜ.
ಇಷ್ಟಕ್ಕೆ ಬಟ್ಟೆ ಬಿಚ್ಚಬೇಕಿತ್ತೇ!
ಹೋಲಿಸಿ ನೋಡಲು ಬಿ.ಪಿ. ಇಲ್ಲದವರೂ ಬೇಕಂತೆ. "ಇವಳಿದ್ದಾಳಲ್ಲ, ಇವಳಿಗೇನೂ ಇಲ್ಲ." ಹೇಳಿದ್ದು ನಾನೇ. ಜೊತೆಗೆ ಬಂದಿದ್ದ ಊರ್ಮಿಳಾ ತೋಳು ಚಾಚಿದಳು. ನರ್ಸು ಒಮ್ಮೆ ನೋಡಿದಳು. ಇನ್ನೊಮ್ಮೆ. ಡಾಕ್ಟರನ್ನು ಕರೆದಳು.
190/116.
"ತಲೆನೋವು ಬರುತ್ತಾಮ್ಮಾ?"
"ಹೋದ ವರ್ಷದಿಂದ ಇದೆ."
"ಮನೇಲಿ ಹೇಳ್ಲಿಲ್ವಾ?"
ನನ್ನ ಕಡೆ ನೋಡಲಿಲ್ಲ. "ಇವರ ಕಾಲಿನ ಗಲಾಟೇನೇ ಸಾಕಾಗಿತ್ತು."
ವಾಪಸು ಬರುವಾಗ ಫ್ರೀವೇಯಲ್ಲಿ ಮನೆ ಕಡೆಗೆ ತಿರುಗುವ ಹೇವರ್ಡ್ ಎಕ್ಸಿಟ್ ತಪ್ಪಿಹೋಯಿತು.

ಏಪ್ರಿಲ್ 6
ಅವಳ ರಿಪೋರ್ಟು ಬಂತು. ನಾಳ ನನ್ನದಕ್ಕಿಂತ ಬಿರುಸು. ಯೂರಿಕ್ ಆ್ಯಸಿಡ್ — ಪೂರ್ತಿ ನಾರ್ಮಲ್! ಹಾಗಾದರೆ ಎಲ್ಲಕ್ಕೂ ಆ ಮಾತ್ರೆ, ಯೂರಿಕ್ ಆ್ಯಸಿಡ್ಡೇ ಕಾರಣ ಎಂದು ಇಷ್ಟು ದಿನ ನಾನು ಹೇಳುತ್ತಿದ್ದದ್ದು? ವ್ಯಾಸರಾಜರಿಗೆ ಫೋನ್ ಮಾಡಿ ಕೂಗಾಡಿದೆ.
"ನಿಮ್ಮಿಬ್ಬರನ್ನೇ ನೋಡಿ ಏನೂ ಹೇಳೋಕಾಗಲ್ಲ. ಬಿ.ಪಿ. ಇಳೀಬೇಕು, ಅದಂತೂ ಖಂಡಿತ. ನಿಮ್ಮ ಡಾಕ್ಟರ ಹತ್ತಿರ ಹೋಗಿ ಬೇರೆ ಮಾತ್ರೆ ಬರೆಸ್ಕೊಳ್ಳಿ. ಅವರಿಗೂ ಶುರು ಮಾಡಿಸಿ."

ಏಪ್ರಿಲ್ 9
ಇಬ್ಬರ ಮಾತ್ರೆಯೂ ತಂದೆ. "ನಾನು ತಗೊಳ್ಳಲ್ಲ," ಎಂದಳು.
"ಯಾಕೆ?"
"ಮಾತ್ರೆಯಿಂದಲೇ ಕಾಲು ಊದೋದು ಅಂತ ನೀವೇ ಹೇಳಿದ್ರಲ್ಲ. ನಾನೂ ಕುಂಟಿದ್ರೆ ಈ ಮನೇಲಿ ಮಾಡೋರ್ಯಾರು?"
ಹೇಳಿದ್ದೆ. ಊಟಕ್ಕೆ ಕೂತಾಗಲೆಲ್ಲ ಹೇಳಿದ್ದೆ. ಇನ್ನು ಹೇಗೆ ವಾಪಸು ತೆಗೆದುಕೊಳ್ಳಲಿ?
"ನಾನು ಮಾಡ್ತೀನಿ," ಎಂದೆ. ನಕ್ಕಳು. ಸಿಟ್ಟಿನ ನಗು. ಎರಡು ಲೋಟ ನೀರು ತಂದಿಟ್ಟೆ.
"ಮೊದಲು ನೀವು."
ನುಂಗಿದೆ. ಬಾಯಿ ತೆರೆದು ತೋರಿಸಿದೆ. ಆಮೇಲೆ ಅವಳೂ ನುಂಗಿದಳು.
"ಈಗಲೂ ತಲೆ ನೋಯ್ತಿದೆಯಾ?" ನಾನು ಕೇಳಿದ್ದು ಇದೇ ಮೊದಲು. ಲೋಟ ಕೆಳಗಿಟ್ಟು ಹೇಳತೊಡಗಿದಳು — ಹಿಂದಲೆಯಿಂದ ಹೇಗೆ ಶುರುವಾಗುತ್ತದೆ, ಬೆಳಗ್ಗೆ ಏಳುವಾಗ ಹೇಗೆ, ಒಲೆ ಮುಂದೆ ನಿಂತರೆ ಹೇಗೆ, ನಾನು ಕೂಗಾಡಿದಾಗ…