ಹೊಸ ರೈಫಲ್ ಬಗ್ಗೆ ಕೇಳಿದ್ದೆಯಲ್ಲ

ಮಾರ್ಚ್ ೧೬, ಭಾನುವಾರ ಬೆಳಿಗ್ಗೆ

ನನ್ನ ಗುಬ್ಬಿಗೆ,

ಎಡ ಮೊಣಕಾಲೊಂದನ್ನು ಬಿಟ್ಟರೆ ನಾನು ಚೆನ್ನಾಗಿದ್ದೇನೆ. ಎಕ್ಸ್‌ರೇ ಕೋಣೆಯ ತಣ್ಣನೆ ಗಾಳಿಯಲ್ಲಿ ನಿಂತೂ ನಿಂತೂ ನಿನಗೆ ಬೆನ್ನು ಹಿಡಿದಿಲ್ಲ ಎಂದುಕೊಂಡಿದ್ದೇನೆ. ಉತ್ತರ ತಡವಾಯಿತು, ಬೈಯಬೇಡ. ಬೈಯುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಮುಂದೆ ಸಿಗುತ್ತದೆ, ಅಲ್ಲಿಯವರೆಗೆ ಉಳಿಸಿಕೋ.

ನೀನು ಕೇಳಿದ್ದು ಒಂದೇ ಪ್ರಶ್ನೆ. ಸಾವಿರ ಮೀಟರ್ ಗುರಿಗೆಂದೇ ಮಾಡಿದ ಆ ಹೊಸ ರೈಫಲ್ ಅಷ್ಟು ಬೆಲೆ ಬಾಳುತ್ತದೆಯೇ? ಕಾರು ಮಾರಿ ಕೊಳ್ಳುತ್ತೇನೆ, ಎರಡು ಬಸ್ಸು ಬದಲಿಸಿ ಆಸ್ಪತ್ರೆಗೆ ಹೋಗುತ್ತೇನೆ, ಅದೂ ಕೈಕೊಟ್ಟರೆ ಇನ್ನು ಜನ್ಮದಲ್ಲಿ ಗುರಿ ಹಿಡಿಯುವುದಿಲ್ಲ ಎಂದು ಬರೆದಿದ್ದೀಯ. ಮೂವತ್ತೊಂದು ವರ್ಷ ಬಂದೂಕು ರಿಪೇರಿ ಮಾಡಿದ ಅಮ್ಮ ಇರುವಾಗ ಅಂಗಡಿಯವನ ಮಾತು ಯಾರಿಗೆ ಬೇಕು ಎಂದು ಬೆಣ್ಣೆಯನ್ನೂ ಹಚ್ಚಿದ್ದೀಯ. ಬೆಣ್ಣೆ ಕೆಲಸ ಮಾಡಿತು, ಹೋಗಿ ನೋಡಿ ಬಂದೆ.

ಅಂಗಡಿಯವ ಅದನ್ನು ಹಸುಗೂಸಿನ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡು ಬಂದ. ಇದು ತಾನಾಗಿಯೇ ಗುರಿಗೆ ಹೋಗುತ್ತದೆ ಮೇಡಂ ಎಂದ. ಹಾಗಾದರೆ ಹೊಡೆಯುವವರು ಮನೆಯಲ್ಲೇ ಮಲಗಬಹುದಲ್ಲ ಎಂದೆ. ಅವನೇ ಪರೀಕ್ಷೆಗೆಂದು ಎರಡು ಬೆಳಿಗ್ಗೆ ರೇಂಜಿಗೆ ತಂದುಕೊಟ್ಟು, ತಾನು ಹಿಂದಿನ ಬೆಂಚಿನ ಮೇಲೆ ಕಾಲು ಅಲ್ಲಾಡಿಸುತ್ತ ಕೂತಿದ್ದ.

ಕೊಂಕು ತೆಗೆಯಲೇಬೇಕೆಂದು ಹೋದವಳು ನಾನು, ನಿನಗೆ ಗೊತ್ತೇ ಇದೆ. ಬೋಲ್ಟ್ ಎಳೆದೆ, ಬೆಣ್ಣೆಯಲ್ಲಿ ಚಾಕು ಆಡಿದ ಹಾಗೆ ಬಂತು. ಟ್ರಿಗರ್ ಒತ್ತಿದರೆ ಎಲ್ಲಿ ಒತ್ತಿದೆ ಎಂದು ಬೆರಳಿಗೇ ಗೊತ್ತಾಗುವುದಿಲ್ಲ. ಸ್ಕೋಪಿನಲ್ಲಿ ಸಾವಿರ ಮೀಟರ್ ಆಚೆಯ ಹಲಗೆಯ ಮೊಳೆ ಕಾಣುತ್ತದೆ. ಭಾರ ಮಾತ್ರ ವಿಪರೀತ, ನಿನ್ನ ಭುಜ ಒಂದು ವಾರ ಗೊಣಗುತ್ತದೆ. ಚಾಪೆ ಹಾಸಿ, ಮರಳಿನ ಚೀಲಕ್ಕೆ ಒರಗಿಸಿ, ಗಾಳಿಯ ದಿಕ್ಕು ತೋರಿಸುವ ಬಾವುಟ ನೋಡಿಕೊಂಡು ಹದಿನೈದು ಗುಂಡು ಹೊಡೆದೆ. ಒಂದು ಟೀ ಸಾಸರಿನಡಿ ಹದಿನೈದೂ ಮುಚ್ಚಿಹೋದವು. ನನ್ನ ವಯಸ್ಸಿಗೆ, ನನ್ನ ಕನ್ನಡಕಕ್ಕೆ! ಒಂದು ಕ್ಷಣ ನನಗೇ ಕೊಬ್ಬು ಬಂತು. ಅಂಗಡಿಯವ ಚಪ್ಪಾಳೆ ತಟ್ಟಿದ.

ಆದರೆ ಒಂದನ್ನೇ ನೋಡಿ ಇದು ಒಳ್ಳೆಯದು ಎಂದರೆ ಅದು ತೀರ್ಪಲ್ಲ. ಪಕ್ಕದಲ್ಲಿ ಇನ್ನೊಂದು ಬೇಕು. ನೀನು ಅಕ್ಟೋಬರಿನಲ್ಲಿ ಫೈನಲ್ ಸೋತ ಮೇಲೆ ಒರೆಸಿ, ನನ್ನ ವರ್ಕ್‌ಶಾಪಿನ ಕಪಾಟಿನಲ್ಲಿ ಇಟ್ಟು, ಬೀಗದ ಕೈ ನನ್ನ ಮೇಜಿನ ಮೇಲೆ ಇಟ್ಟು ಹೋದೆಯಲ್ಲ, ಆ ಹಳೆಯ ರೈಫಲ್ಲನ್ನು ನಿನ್ನೆ ತೆಗೆದುಕೊಂಡು ಹೋದೆ. ನೀನು ಇಟ್ಟಂತೆಯೇ ಇತ್ತು, ಒಂದು ಸ್ಕ್ರೂ ಮುಟ್ಟಲಿಲ್ಲ.

ಹತ್ತು ಗುಂಡು ಚೆನ್ನಾಗಿ ಹೋದವು. ಹನ್ನೊಂದನೆಯದು ಮೇಲಕ್ಕೆ ಬಲಕ್ಕೆ ಎದ್ದಿತು. ಹನ್ನೆರಡನೆಯದು ಇನ್ನೂ ಮೇಲೆ. ಹದಿನೈದನೆಯದು ಹಲಗೆಯ ಅಂಚಿಗೆ ಹೋಯಿತು. ಗುರಿಯ ಕಾಗದ ತರಿಸಿ ಮಡಿಲ ಮೇಲೆ ಹಾಸಿಕೊಂಡೆ. ಗುಬ್ಬಿ, ಅದು ನಿನ್ನ ಫೈನಲ್‌ನ ಕಾಗದದ ಪಡಿಯಚ್ಚು. ಹತ್ತು ಒಳಗೆ, ಐದು ಅದೇ ದಿಕ್ಕಿನಲ್ಲಿ ಹೊರಗೆ. ಇಬ್ಬರ ಕೈ ಒಂದೇ ರೀತಿ, ಒಂದೇ ಗುಂಡಿಗೆ ತಪ್ಪುವುದಿಲ್ಲ.

ವರ್ಕ್‌ಶಾಪಿಗೆ ಬಂದು ಬಿಚ್ಚಿದೆ. ನಳಿಕೆ ಎಲ್ಲಿಯೂ ಹಿಡಿಯ ಮರಕ್ಕೆ ತಾಗಬಾರದು, ಕೂದಲೆಳೆಯಷ್ಟು ಜಾಗ ಇರಬೇಕು ಎಂದು ನಿನಗೆ ಹತ್ತು ವರ್ಷವಿದ್ದಾಗಲೇ ಹೇಳಿಕೊಟ್ಟವಳು ನಾನು. ಜಾಗ ಇದೆಯೇ ಎಂದು ನೋಡಲು ನಡುವೆ ಕಾಗದದ ಪಟ್ಟಿ ತೂರಿಸಿ ಎಳೆದು ನೋಡುತ್ತೇನಲ್ಲ, ಆ ಪಟ್ಟಿ ಅಲ್ಲೇ ಇತ್ತು. ಎರಡು ಮಡಿಕೆಯಾಗಿ, ಮುಂದಿನ ತುದಿಯಲ್ಲಿ ಸಿಕ್ಕಿಕೊಂಡು, ಅಂಚು ಕಂದಿ ಹೋಗಿತ್ತು. ತಣ್ಣಗಿರುವಾಗ ನಳಿಕೆ ಅದಕ್ಕೆ ಬರೀ ತಾಗಿಕೊಂಡಿರುತ್ತದೆ, ಏನೂ ಆಗುವುದಿಲ್ಲ. ಹತ್ತು ಗುಂಡಿಗೆ ಕಾದ ಮೇಲೆ ಒತ್ತುತ್ತದೆ, ಗುಂಡು ಮೇಲೆ ಏಳುತ್ತದೆ. ಪಟ್ಟಿಯ ಮೇಲೆ ನನ್ನದೇ ಅಕ್ಷರ, ಸಾಮಾನಿನ ಚೀಟಿಯ ತುಂಡು. ಸೋಪು, ಬ್ಯಾಟರಿ ಎಂದು ಓದಲು ಬರುತ್ತದೆ. ಬೇರೆ ಯಾರ ತಲೆಗೂ ಕಟ್ಟುವ ಹಾಗಿಲ್ಲ.

ಹೇಗೆ ಉಳಿಯಿತೆಂದರೆ, ನಿನಗೆ ನೆನಪಿರಬಹುದು. ಫೈನಲ್‌ನ ದಿನ ಬೆಳಿಗ್ಗೆ ಕೊನೆಯ ಬಾರಿ ಬಿಚ್ಚಿ ನೋಡುತ್ತೇನೆ ಎಂದು ಹಟ ಮಾಡಿದ್ದು ನಾನೇ. ನೀನು ಬೇಡ ಎಂದಿದ್ದೆ. ಬಸ್ಸು ಹೊರಟಿತು ಎಂದು ನೀನು ಬಾಗಿಲಲ್ಲಿ ನಿಂತು ಕೂಗುತ್ತಿದ್ದೆ. ನನ್ನದೊಂದು ನಿಯಮವಿದೆಯಲ್ಲ, ಬಿಚ್ಚಿದ್ದೆಲ್ಲ ಬಿಳಿ ತಟ್ಟೆಗೆ, ತಟ್ಟೆ ಖಾಲಿಯಾದರೆ ಕೆಲಸ ಮುಗಿಯಿತು. ತಟ್ಟೆ ಖಾಲಿಯಾಗಿತ್ತು. ಬಿಗಿದು ನಿನ್ನ ಕೈಗೆ ಕೊಟ್ಟೆ. ಕಾಗದ ಯಾವತ್ತೂ ತಟ್ಟೆಗೆ ಬರುವುದಿಲ್ಲ ಎಂಬುದು ಇಷ್ಟು ವರ್ಷ ನನ್ನ ಮಂಡೆಗೆ ಹೊಳೆಯಲಿಲ್ಲ.

ಇಷ್ಟೇ ಆಗಿದ್ದರೆ ಕೈತಪ್ಪು ಎಂದು ಕ್ಷಮೆ ಕೇಳಿ ಮುಗಿಸುತ್ತಿದ್ದೆ. ಆದರೆ ಆವತ್ತು ನೀನು ಚಾಪೆಯಿಂದ ಎದ್ದು, ಬಂದೂಕು ಒಂದ್ಸಲ ನೋಡಮ್ಮ ಎಂದು ನನ್ನ ಮುಂದೆ ಹಿಡಿದೆ. ನಾನು ಮುಟ್ಟಲೂ ಇಲ್ಲ. ನಿನ್ನ ಕೋಚ್ ಮುಂದೆ, ಗೆದ್ದ ಹುಡುಗಿಯ ಮುಂದೆ, "ಬಂದೂಕು ನಾನು ನೋಡಿ ಕೊಟ್ಟಿದ್ದು, ಅದಕ್ಕೇನಾಗಿದೆ? ನಿನ್ನ ಉಸಿರೇ ನೆಟ್ಟಗಿಲ್ಲ," ಎಂದೆ. ನೀನು ಬಂದೂಕನ್ನು ಚೀಲಕ್ಕೆ ಹಾಕಿ ಜಿಪ್ ಎಳೆದೆ. ಐದು ತಿಂಗಳಾಯಿತು. ನನ್ನ ಕೈಯನ್ನು ನಾನೇ ನಂಬಲ್ಲ, ಅದಕ್ಕೇ ನಂಬುವಂಥ ಬಂದೂಕು ಬೇಕು ಎಂದು ಈಗ ಬರೆದಿದ್ದೀಯ.

ಕಾಗದ ತೆಗೆದು, ಬಿಗಿದು, ಮತ್ತೆ ರೇಂಜಿಗೆ ಹೋದೆ. ಹದಿನೈದು ಗುಂಡು. ಒಂದು ಊಟದ ತಟ್ಟೆಯೊಳಗೆ ಹದಿನೈದೂ ನಿಂತವು, ಹನ್ನೊಂದನೆಯದೂ ಕೂಡ. ಆವತ್ತು ಗೆದ್ದವಳ ಗುರಿ ಅದಕ್ಕಿಂತ ಅಗಲ ಇತ್ತು.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಹೊಸ ರೈಫಲ್ ಬೆಲೆಗೆ ತಕ್ಕದ್ದೇ, ಅಂಗಡಿಯವ ಸುಳ್ಳು ಹೇಳಿಲ್ಲ. ಗಾಳಿಯಿಲ್ಲದ ದಿನ ಅದು ಸಾಸರು, ನಿನ್ನದು ತಟ್ಟೆ. ಗಾಳಿ ಎದ್ದರೆ ಎರಡೂ ಒಂದೇ, ಆಗ ಬಾವುಟ ಓದುವ ಕಣ್ಣು ಬೇಕು, ಅದನ್ನು ಅಂಗಡಿಯಲ್ಲಿ ಮಾರುವುದಿಲ್ಲ, ನಿನಗೆ ಅದು ಇದೆ. ಆದ್ದರಿಂದ ಕಾರು ಮಾರಬೇಡ. ನಿನ್ನ ತಟ್ಟೆ ನಿನಗೇ ಸಾಲದು ಅನ್ನಿಸಿದ ದಿನ ಕೊಂಡುಕೋ, ನಾನೇ ಜೊತೆಗೆ ಬಂದು ಚೌಕಾಸಿ ಮಾಡುತ್ತೇನೆ. ಕೈ ಸರಿಯಿಲ್ಲ ಎಂದು ಮಾತ್ರ ಕೊಳ್ಳಬೇಡ. ನಿನ್ನ ಕೈ ಸರಿಯಾಗಿತ್ತು. ಉಸಿರೂ ಸರಿಯಾಗಿತ್ತು. ತಪ್ಪು ನನ್ನದು, ನಿನ್ನ ಕೋಚ್‌ಗೂ ಫೋನ್ ಮಾಡಿ ಇದನ್ನೇ ಹೇಳಿದ್ದೇನೆ.

ಕೋಪ ಬಂದರೆ ಬರಲಿ, ಪೂರ್ತಿ ಮಾಡಿಕೋ. ಮುಗಿದ ಮೇಲೆ ಒಂದು ಸಾಲು ಬರೆ.

ಇಂತಿ, ಬಿಳಿ ತಟ್ಟೆಯ ಮೇಲೆ ಇನ್ನು ಅಷ್ಟೊಂದು ಭರವಸೆ ಇಲ್ಲದ,
ನಿನ್ನ ಅಮ್ಮ

ಮರೆತಿದ್ದೆ ಎಂದು ಬರೆಯಲು ಹೋದೆ, ಮರೆತಿರಲಿಲ್ಲ. ಹಳೆಯ ರೈಫಲ್ ಹೊಡೆದದ್ದು ನಿನ್ನೆ ಎಂದು ಮೇಲೆ ಬರೆದಿದ್ದೇನೆ. ನಿನ್ನೆಯಲ್ಲ, ಹನ್ನೊಂದು ದಿನದ ಹಿಂದೆ, ಬುಧವಾರ. ಮಾರನೆಯ ದಿನವೇ ನಿನಗೆ ಒಂದು ಪತ್ರ ಬರೆದೆ. ಕಣ್ಣು ಮುಚ್ಚಿ ಹೊಸದನ್ನು ತಗೋ, ಇಂಥದ್ದು ಇನ್ನೊಂದು ಸಿಗುವುದಿಲ್ಲ ಎಂದು. ನೀನು ಕೊಂಡರೆ ಗೆಲ್ಲುತ್ತೀಯ, ಹಳೆಯದನ್ನು ಯಾರೂ ಬಿಚ್ಚುವುದಿಲ್ಲ, ನನ್ನ ಹೆಸರು ಉಳಿಯುತ್ತದೆ. ಅಂಚೆ ಪೆಟ್ಟಿಗೆಯವರೆಗೆ ಮೂರು ಸಲ ಹೋಗಿ ಬಂದೆ. ಆ ಪತ್ರ ನಿನ್ನೆ ಹರಿದುಹಾಕಿದೆ. ಕಾಗದದ ಪಟ್ಟಿಯನ್ನು ಇದರ ಜೊತೆಗೇ ಇಟ್ಟಿದ್ದೇನೆ, ನಿನ್ನ ಹತ್ತಿರವೇ ಇರಲಿ. ಹಳೆಯ ರೈಫಲ್ ಮತ್ತೆ ಬಿಚ್ಚಿ ಇಟ್ಟಿದ್ದೇನೆ, ಬಿಗಿದಿಲ್ಲ. ನೀನು ಬಂದು, ಒಳಗೆ ನೋಡಿ, ನೀನೇ ಬಿಗಿ.